ನಾಲ್ಕು-ಆರರ ಬಚ್ಚಲಿನ ಗಾಳಿ ಲೆಕ್ಕ

ನಂದಿನಿ ಲೇಔಟಿನ ಓದುಗರೊಬ್ಬರು ಕೇಳಿದ್ದಾರೆ: "ನಮ್ಮದು ಇಪ್ಪತ್ತು-ಮೂವತ್ತರ ಸೈಟಿನ ಮನೆ. ಬಾತ್‌ರೂಮ್ ನಾಲ್ಕಡಿ ಅಗಲ, ಆರಡಿ ಉದ್ದ. ಗ್ಯಾಸ್ ಗೀಸರ್ ಒಳಗೇ ಇದೆ. ವೆಂಟಿಲೇಟರ್ ಇರುವ ಗೋಡೆಗೆ ಪೂರ್ತಿ ಕಪಾಟು ಮಾಡಿಸಿದರೆ ಸೋಪು, ಟವೆಲ್ಲು, ಸಾಮಾನು ಎಲ್ಲಕ್ಕೂ ಜಾಗ ಆಗುತ್ತದೆ ಅಂತ ಮೇಸ್ತ್ರಿ ಹೇಳುತ್ತಿದ್ದಾರೆ. ಮಾಡಿಸಬಹುದಾ?"

ದಯವಿಟ್ಟು ಮಾಡಿಸಬೇಡಿ. ಜಾಗ ಬೇಕಾದರೆ ಬೇರೆ ಕಡೆ ಇದೆ. ಮೊದಲು ಬಾಗಿಲು ನೋಡಿ. ಎರಡೂವರೆ ಅಡಿಯ ಬಾಗಿಲು ಒಳಕ್ಕೆ ತೆರೆದರೆ ಸುಮಾರು ಐದು ಚದರ ಅಡಿ ನೆಲ ಅದಕ್ಕೇ ಹೋಗುತ್ತದೆ. ಇರುವುದೇ ಇಪ್ಪತ್ನಾಲ್ಕು ಚದರ ಅಡಿ. ಅದರಲ್ಲಿ ಐದನೇ ಒಂದು ಪಾಲು ಬರೀ ಬಾಗಿಲು ಓಡಾಡುವುದಕ್ಕೆ! ಕೀಲು ಬದಲಿಸಿ ಹೊರಕ್ಕೆ ತೆರೆಯುವಂತೆ ಮಾಡಿಸಿದರೆ, ಅಥವಾ ಪಕ್ಕಕ್ಕೆ ಸರಿಯುವ ಬಾಗಿಲು ಹಾಕಿಸಿದರೆ, ಅಷ್ಟೂ ನಿಮ್ಮದು. ವಾಶ್ ಬೇಸಿನ್ ಮೂಲೆಗೆ ಕೂರುವಂಥದ್ದು ಸಿಗುತ್ತದೆ. ಕಮೋಡನ್ನು ಗೋಡೆಗೆ ತೂಗುಹಾಕಿಸಿದರೆ ಕೆಳಗಿನ ನೆಲ ಬಿಡುವಾಗುತ್ತದೆ, ತೊಳೆಯುವುದೂ ಸಲೀಸು. ಒಂಬತ್ತಿಂಚಿನ ಗೋಡೆಯಾದರೆ ಅದರೊಳಗೇ ಗೂಡು ಕೊರೆಸಿ ಸೋಪು, ಶಾಂಪೂ ಇಡಬಹುದು. ಇವೆಲ್ಲ ಯಾವ ಪ್ಲಂಬರಿಗೂ ಗೊತ್ತಿರುವ ಕೆಲಸ.

ನನ್ನ ಚಿಂತೆ ಇರುವುದು ಆ ವೆಂಟಿಲೇಟರ್ ಬಗ್ಗೆ. "ಸಣ್ಣ ಬಾತ್‌ರೂಮನ್ನು ದೊಡ್ಡದು ಮಾಡಿ" ಎನ್ನುವ ವಿಡಿಯೋಗಳಲ್ಲಿ ನೆಲ ಅಳೆಯುತ್ತಾರೆ, ಗೋಡೆ ಅಳೆಯುತ್ತಾರೆ. ಗಾಳಿ ಅಳೆಯುವವರನ್ನು ನಾನು ಕಂಡಿಲ್ಲ. ಒಳಗೆ ಗ್ಯಾಸ್ ಉರಿಯುವ ಕೋಣೆಯಲ್ಲಿ ಮೊದಲು ಅಳೆಯಬೇಕಾದ್ದೇ ಅದು.

ನಾಲ್ಕು, ಆರು, ಎತ್ತರ ಎಂಟಡಿ ಎಂದರೆ 192 ಘನ ಅಡಿ, ಸುಮಾರು 5.4 ಘನ ಮೀಟರ್. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿರುವುದರಿಂದ ಇಲ್ಲಿನ ಗಾಳಿ ಮಂಗಳೂರಿನದಕ್ಕಿಂತ ಹತ್ತನೇ ಒಂದು ಭಾಗದಷ್ಟು ತೆಳು. ಹಾಗಾಗಿ ಇಡೀ ಬಚ್ಚಲಿನ ಗಾಳಿ ತೂಗಿದರೆ ಆರು ಕೆ.ಜಿ.ಗೂ ಕಡಿಮೆ. ಅದರಲ್ಲಿ ಆಮ್ಲಜನಕ ಸುಮಾರು 1.3 ಕೆ.ಜಿ.

ಈಗ ಗೀಸರ್. ನಿಮಿಷಕ್ಕೆ ಆರು ಲೀಟರ್ ನೀರನ್ನು 25 ಡಿಗ್ರಿಯಷ್ಟು ಬಿಸಿ ಮಾಡಲು ಅದು ನಿಮಿಷಕ್ಕೆ ಸುಮಾರು 16 ಗ್ರಾಂ ಗ್ಯಾಸ್ ಉರಿಸುತ್ತದೆ. ಅಷ್ಟು ಗ್ಯಾಸ್ ಪೂರ್ತಿ ಉರಿಯಲು 58 ಗ್ರಾಂ ಆಮ್ಲಜನಕ ಬೇಕು. ಸುಮ್ಮನೆ ಕೂತ ಒಬ್ಬ ವಯಸ್ಕ ನಿಮಿಷಕ್ಕೆ ಬಳಸುವುದು ಗ್ರಾಮಿನ ಮೂರನೇ ಒಂದು ಭಾಗ ಮಾತ್ರ. ಅಂದರೆ ನೀವು ಒಬ್ಬರೇ ಸ್ನಾನಕ್ಕೆ ಹೋಗಿದ್ದೀರಿ, ಆದರೆ ಗೋಡೆಯ ಮೇಲಿನ ಪೆಟ್ಟಿಗೆ ನೂರೈವತ್ತಕ್ಕೂ ಹೆಚ್ಚು ಜನ ಉಸಿರಾಡುವಷ್ಟು ಆಮ್ಲಜನಕ ತೆಗೆದುಕೊಳ್ಳುತ್ತಿದೆ. ಹೊರಗಿನಿಂದ ಗಾಳಿ ಬಾರದಿದ್ದರೆ ಐದೇ ನಿಮಿಷಕ್ಕೆ ಐದನೇ ಒಂದು ಭಾಗ ಖಾಲಿ. ಗಾಳಿಯಲ್ಲಿ ಶೇ. 21ರಷ್ಟಿದ್ದ ಆಮ್ಲಜನಕ ಶೇ. 16-17ಕ್ಕೆ ಇಳಿಯುತ್ತದೆ. ಆಮ್ಲಜನಕ ಸಾಲದ ಜ್ವಾಲೆ ಅರೆಬರೆ ಉರಿದು, ಇಂಗಾಲದ ಡೈಆಕ್ಸೈಡ್ ಜೊತೆಗೆ ಇಂಗಾಲದ ಮಾನಾಕ್ಸೈಡನ್ನೂ ಕಾರತೊಡಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ಅಜ್ಜಿಯರ ಕಾಲದ ಬಚ್ಚಲಲ್ಲಿ ಹಂಡೆಯ ಒಲೆ ಹೊಗೆಯಾಡಿ ಕಣ್ಣು ಉರಿದು ಎಬ್ಬಿಸಿ ಕಳಿಸುತ್ತಿತ್ತು, ಹಂಚಿನ ಸಂದಿಯಿಂದ ಗಾಳಿಯೂ ಆಡುತ್ತಿತ್ತು. ಟೈಲ್ಸ್, ಆರ್‌ಸಿಸಿ, ಪಿವಿಸಿ ಬಾಗಿಲಿನ ಕೋಣೆಯಲ್ಲಿ ಆ ಎಚ್ಚರಿಕೆಯೂ ಇಲ್ಲ, ಆ ಸಂದಿಯೂ ಇಲ್ಲ.

ಈ ಅನಿಲ ರಕ್ತದಲ್ಲಿ ಏನು ಮಾಡುತ್ತದೆ ಎಂದು ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ 1857ರ ಹೊತ್ತಿಗೇ ತೋರಿಸಿದ್ದರು. ನಂದಿನಿ ಲೇಔಟಿನಿಂದ ಮೆಜೆಸ್ಟಿಕ್ಕಿಗೆ ಹೋಗುವ ಬಸ್ಸನ್ನು ನೆನೆಯಿರಿ. ರಕ್ತದ ಹಿಮೋಗ್ಲೋಬಿನ್ ಆ ಬಸ್ಸು, ಒಂದೊಂದರಲ್ಲೂ ನಾಲ್ಕೇ ಸೀಟು. ಆಮ್ಲಜನಕ ಶ್ವಾಸಕೋಶದಲ್ಲಿ ಹತ್ತುತ್ತದೆ, ಮಿದುಳಿನಲ್ಲೋ ಹೃದಯದಲ್ಲೋ ಇಳಿಯುತ್ತದೆ, ಬಸ್ಸು ಸೀಟು ಖಾಲಿ ಮಾಡಿಕೊಂಡು ವಾಪಸು ಬರುತ್ತದೆ. ಮಾನಾಕ್ಸೈಡಿಗೆ ಆ ಸೀಟಿನ ಮೇಲೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಹಿಡಿತ. ಹತ್ತಿತೆಂದರೆ ಯಾವ ಸ್ಟಾಪಿನಲ್ಲೂ ಸುಲಭಕ್ಕೆ ಇಳಿಯುವುದಿಲ್ಲ. ಅಷ್ಟೇ ಆಗಿದ್ದರೆ ಉಳಿದ ಸೀಟುಗಳಲ್ಲಾದರೂ ಕೆಲಸ ನಡೆಯುತ್ತಿತ್ತು. ಆದರೆ ಅದು ಪಕ್ಕದಲ್ಲಿ ಕೂತ ಆಮ್ಲಜನಕವನ್ನೂ ಇಳಿಯಗೊಡುವುದಿಲ್ಲ. ಬಸ್ಸು ತುಂಬಿಯೇ ಓಡುತ್ತಿರುತ್ತದೆ, ಮಿದುಳಿನ ಸ್ಟಾಪಿನಲ್ಲಿ ಇಳಿಯುವವರೇ ಇಲ್ಲ. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರನ್ನು ಬೆರಳಿಗೆ ಹಾಕಿ ನೋಡಿದರೂ ಸುಳಿವು ಸಿಗದು. ಅದು ಸೀಟು ತುಂಬಿದೆಯೇ ಎಂದು ನೋಡುತ್ತದೆ, ಯಾರು ಕೂತಿದ್ದಾರೆಂದು ಅದಕ್ಕೆ ತಿಳಿಯುವುದಿಲ್ಲ. ಕುಸಿದುಬಿದ್ದವರ ಬೆರಳಿನಲ್ಲೂ 97, 98 ಎಂದು ತೋರಿಸಬಲ್ಲದು.

ಇದನ್ನೆಲ್ಲ ಮನುಷ್ಯನ ಮೈಮೇಲೆ ಅಳೆದವರು ಬ್ರಿಟನ್ನಿನ ಜಾನ್ ಸ್ಕಾಟ್ ಹಾಲ್ಡೇನ್. ಆ ಮೈ ಅವರದೇ. ತಾವೇ ಮಾನಾಕ್ಸೈಡ್ ಸೇದಿ, ರಕ್ತದ ಅರ್ಧದಷ್ಟು ಸೀಟುಗಳು ಅದಕ್ಕೆ ಹೋಗುವವರೆಗೂ ತಮ್ಮ ಸ್ಥಿತಿಯನ್ನು ಬರೆದಿಟ್ಟು 1895ರಲ್ಲಿ ಪ್ರಕಟಿಸಿದರು. ಮರುವರ್ಷ ವೇಲ್ಸಿನ ಟೈಲರ್ಸ್‌ಟೌನ್ ಕಲ್ಲಿದ್ದಲ ಗಣಿ ಸ್ಫೋಟದಲ್ಲಿ 57 ಜನ ಸತ್ತಾಗ, ಅವರಲ್ಲಿ ಹೆಚ್ಚಿನವರು ಸ್ಫೋಟಕ್ಕಲ್ಲ, ಅದರ ನಂತರ ಹಬ್ಬಿದ ಮಾನಾಕ್ಸೈಡಿಗೆ ಬಲಿಯಾದರೆಂದು ತೋರಿಸಿದವರೂ ಅವರೇ. ಗಣಿಗೆ ಇಲಿಯನ್ನೋ ಸಣ್ಣ ಹಕ್ಕಿಯನ್ನೋ ಒಯ್ಯಿರಿ, ಪುಟ್ಟ ಜೀವ ಬೇಗ ಉಸಿರಾಡುವುದರಿಂದ ಮೊದಲು ಅದಕ್ಕೇ ತಟ್ಟುತ್ತದೆ, ನಿಮಗೆ ಓಡಲು ಸಮಯ ಸಿಗುತ್ತದೆ ಎಂಬ ಸಲಹೆ ಅವರದು. ಬ್ರಿಟನ್ನಿನ ಗಣಿಗಳಲ್ಲಿ ಕ್ಯಾನರಿ ಹಕ್ಕಿಗಳು 1986ರವರೆಗೂ ಇದ್ದವು.

ಹಾಲ್ಡೇನರ ಟಿಪ್ಪಣಿಗಳಲ್ಲಿ ನನ್ನನ್ನು ಬಹಳ ಕಾಡಿದ್ದು ಕಾಲಿನ ವಿಷಯ. ಅಪಾಯದ ಅರಿವು ಸರಿಯಾಗಿ ಮೂಡುವ ಮೊದಲೇ ಕಾಲಿನ ಬಲ ಹೋಗಿರುತ್ತದೆ. ಸ್ನಾನದ ಸ್ಟೂಲಿನ ಮೇಲೆ ಕೂತವರಿಗೆ ತಲೆ ಭಾರವಾಗುತ್ತದೆ, ಎದ್ದು ಚಿಲಕ ತೆಗೆಯೋಣ ಎಂದುಕೊಳ್ಳುತ್ತಾರೆ, ಏಳಲಾಗುವುದಿಲ್ಲ. ಬಾಗಿಲು ಒಳಕ್ಕೆ ತೆರೆಯುವಂಥದ್ದಾದರೆ ಬಿದ್ದವರ ಮೈಯೇ ಅದಕ್ಕೆ ಅಡ್ಡ. ಬಾಗಿಲು ಹೊರಕ್ಕೆ ತೆರೆಯಲಿ ಎಂದು ಆರಂಭದಲ್ಲೇ ಹೇಳಿದ್ದು ಐದು ಚದರ ಅಡಿಯ ಆಸೆಗೆ ಮಾತ್ರ ಅಲ್ಲ.

ಹಾಲ್ಡೇನರ ಮಗ ಜೆ.ಬಿ.ಎಸ್. ಹಾಲ್ಡೇನ್ ನಮ್ಮ ದೇಶಕ್ಕೆ 1957ರಲ್ಲಿ ಬಂದು ನೆಲೆಸಿ 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಜೀವವಿಜ್ಞಾನಿ. ಹುಡುಗನಾಗಿದ್ದಾಗ ಅಪ್ಪ ಗಣಿಯೊಳಗೆ ಕರೆದೊಯ್ದು, ನಿಂತುಕೊಂಡು ಶೇಕ್ಸ್‌ಪಿಯರನ ಮಾರ್ಕ್ ಆಂಟನಿಯ ಭಾಷಣ ಒಪ್ಪಿಸು ಎಂದರಂತೆ. ಸ್ವಲ್ಪ ಹೊತ್ತಿಗೆ ಹುಡುಗ ಏದುಸಿರು ಬಿಟ್ಟು ಕುಸಿದ. ನೆಲಕ್ಕೆ ಬಿದ್ದೊಡನೆ ಚೇತರಿಸಿಕೊಂಡ. ಚಾವಣಿಯ ಕಡೆ ತುಂಬಿದ್ದು ಮೀಥೇನ್, ಗಾಳಿಗಿಂತ ಹಗುರ. ಕೆಳಗೆ ಒಳ್ಳೆಯ ಗಾಳಿಯಿತ್ತು. ಒಂದೇ ಕೋಣೆಯಲ್ಲಿ ಗಾಳಿಗೆ ಅಂತಸ್ತುಗಳಿರುತ್ತವೆ ಎಂಬ ಪಾಠವನ್ನು ಆ ಹುಡುಗ ಮುಂದೆಂದೂ ಮರೆಯಲಿಲ್ಲ.

ನಿಮ್ಮ ಬಚ್ಚಲಿನಲ್ಲೂ ಅಂತಸ್ತುಗಳಿವೆ. ಉರಿದ ಬಿಸಿ ಹೊಗೆ ಮೇಲೇರುತ್ತದೆ, ಅದು ಹೋಗಲು ಮೇಲೆ ವೆಂಟಿಲೇಟರ್ ಬೇಕು. ಉರಿಯದೆ ಸೋರಿದ ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ, ನೆಲದಲ್ಲಿ ಹರಡುತ್ತದೆ. ಅದಕ್ಕೂ, ಹೊಸ ಗಾಳಿ ಬರುವುದಕ್ಕೂ ಬಾಗಿಲ ಕೆಳಗೆ ಕಿಂಡಿ ಬೇಕು. ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ ಎಂದು ಕೆಲವರು ನಂಬಿಕೊಂಡಿರುತ್ತಾರೆ. ಗಾಳಿ ಒಳಬರಲು ದಾರಿಯೇ ಇಲ್ಲದಿದ್ದರೆ ಫ್ಯಾನು ಸುಮ್ಮನೆ ತಿರುಗುತ್ತದೆ ಅಷ್ಟೆ. ಗೀಸರಿಗೆ ಹೊಗೆ ಕೊಳವೆ ಇದ್ದರೆ ಅದರ ಹೊಗೆಯನ್ನೇ ಒಳಕ್ಕೆ ಎಳೆದುಕೊಳ್ಳಲೂಬಹುದು.

ನಮ್ಮ ರಾಜ್ಯದಲ್ಲಿ ಇನ್ನೊಂದು ತೊಡಕಿದೆ. ತಲೆಗೆ ಬಿಸಿನೀರು ಸುರಿದುಕೊಂಡಾಗ ಕೆಲವರಿಗೆ ಮೂರ್ಛೆ ಬರುತ್ತದೆ. ಬಿಸಿನೀರಿನ ಅಪಸ್ಮಾರ ಎಂಬ ಈ ಕಾಯಿಲೆ ದಕ್ಷಿಣ ಕರ್ನಾಟಕದಲ್ಲಿ ಹೆಚ್ಚು. ಬೆಂಗಳೂರಿನ ಡಾ. ಕೆ.ಎಸ್. ಮಣಿ 1970ರ ದಶಕದಲ್ಲಿ, ಆಮೇಲೆ ನಿಮ್ಹಾನ್ಸ್‌ನ ಡಾ. ಪಿ. ಸತೀಶಚಂದ್ರ ಇದರ ಬಗ್ಗೆ ಮುಖ್ಯ ಅಧ್ಯಯನಗಳನ್ನು ಮಾಡಿದ್ದಾರೆ. ಹಾಗಾಗಿ ಬಚ್ಚಲಲ್ಲಿ ಬಿದ್ದವರನ್ನು ಕಂಡಾಗ ಮನೆಯವರು ಮೂರ್ಛೆ, ಬಿ.ಪಿ., ಉಪವಾಸ ಎಂದೆಲ್ಲ ಊಹಿಸುತ್ತಾರೆ. ಗೋಡೆಯ ಮೇಲಿನ ಗೀಸರ್ ಕಡೆ ಯಾರ ಗಮನವೂ ಹೋಗುವುದಿಲ್ಲ.

ಗ್ಯಾಸ್ ಗೀಸರನ್ನು ಜನ ಇಷ್ಟಪಡುವುದೇಕೆಂದು ನನಗೆ ಅರ್ಥವಾಗುತ್ತದೆ. 15 ಲೀಟರಿನ ಬಕೆಟ್ಟು ಎರಡೂವರೆ ನಿಮಿಷಕ್ಕೆ ತುಂಬುತ್ತದೆ. ಮೂರು ಕಿಲೋವಾಟಿನ ಇನ್‌ಸ್ಟಂಟ್ ವಿದ್ಯುತ್ ಗೀಸರಿಗೆ ಅಷ್ಟೇ ಬಿಸಿ ನೀರಿನ ಅದೇ ಬಕೆಟ್ಟಿಗೆ ಒಂಬತ್ತು ನಿಮಿಷ ಬೇಕು. ಕರೆಂಟು ಹೋದರೂ ಗ್ಯಾಸ್ ಗೀಸರ್ ಉರಿಯುತ್ತದೆ. ಇಟ್ಟುಕೊಳ್ಳಿ, ಆದರೆ ಹೊರಗಿಡಿ. ಯುಟಿಲಿಟಿಯಲ್ಲೋ, ಹಿಂದಿನ ತೆರೆದ ಪ್ಯಾಸೇಜಿನಲ್ಲೋ ಸಿಲಿಂಡರ್ ಸಮೇತ ಹಾಕಿಸಿ, ಬಿಸಿನೀರಿನ ಪೈಪನ್ನು ಮಾತ್ರ ಒಳಕ್ಕೆ ತನ್ನಿ. ತಾರಸಿಯಲ್ಲಿ ಜಾಗವಿದ್ದರೆ ಸೋಲಾರ್ ಇನ್ನೂ ಉತ್ತಮ. ಬಚ್ಚಲಿನ ಗೋಡೆಯೊಂದು ಪೂರ್ತಿ ಖಾಲಿಯಾಗುತ್ತದೆ, ಮೇಸ್ತ್ರಿ ಹೇಳಿದ ಕಪಾಟನ್ನು ಅಲ್ಲಿ ಹೊಡೆಸಿಕೊಳ್ಳಿ.

ಗೀಸರ್ ಹೊರಗೆ ಹೋಗುವವರೆಗೆ ಹೀಗೆ ಮಾಡಿ: ಬಕೆಟ್ಟು ತುಂಬಿಸಿ, ಗೀಸರ್ ಆರಿಸಿ, ಸ್ವಲ್ಪ ಹೊತ್ತು ಬಾಗಿಲು ತೆರೆದಿಟ್ಟು, ಆಮೇಲೆ ಒಳಗೆ ಹೋಗಿ. ಒಳಗಿರುವವರು ಕರೆದರೆ ಓಗೊಡದಿದ್ದರೆ ಕಾಯಬೇಡಿ. ಬಾಗಿಲು ತೆಗೆಯಿರಿ ಇಲ್ಲವೇ ಒಡೆಯಿರಿ, ಗ್ಯಾಸ್ ಆರಿಸಿ, ಅವರನ್ನು ಹೊರಗಿನ ಗಾಳಿಗೆ ಎಳೆದುತಂದು 108ಕ್ಕೆ ಫೋನ್ ಮಾಡಿ. ಮಾಮೂಲಿ ಗಾಳಿಯಲ್ಲಿ ರಕ್ತದ ಮಾನಾಕ್ಸೈಡ್ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು, ಶುದ್ಧ ಆಮ್ಲಜನಕ ಕೊಟ್ಟರೆ ಒಂದು-ಒಂದೂವರೆ ಗಂಟೆ ಸಾಕು. ಆದ್ದರಿಂದ ಆಸ್ಪತ್ರೆಯಲ್ಲಿ ಡಾಕ್ಟರಿಗೆ ಮೊದಲು ಹೇಳಬೇಕಾದ ಮಾತು: "ಬಾತ್‌ರೂಮಿನಲ್ಲಿ ಗ್ಯಾಸ್ ಗೀಸರ್ ಉರಿಯುತ್ತಿತ್ತು."