ಉಂಗುರಕ್ಕೂ ಚಾರ್ಜು ಬೇಕಾದ ಕಾಲ

ಸರಾಫಿ ಅಂಗಡಿಯ ಗಾದಿಯ ಮೇಲೆ ನಲವತ್ತು ವರ್ಷ ಕುಳಿತವನು ನಾನು. ಬಂಗಾರದ್ದು, ಬೆಳ್ಳಿಯದು, ಹರಳಿನದು ಎಂದು ಎಷ್ಟೋ ನಮೂನೆಯ ಉಂಗುರ ಮಾರಿದ್ದೇನೆ. ಆದರೆ ಕರೆಂಟಿಗೆ ಹಚ್ಚಬೇಕಾದ ಉಂಗುರವನ್ನು ಕಂಡದ್ದು ಅರವತ್ತು ದಾಟಿದ ಮೇಲೆ. ಹೋದ ವರ್ಷ ನನಗೆ ಹೃದಯದ ತೊಂದರೆ ಕಾಣಿಸಿಕೊಂಡಾಗ ಪುಣೆಯಲ್ಲಿರುವ ಮಗ ಒಂದು ಸ್ಮಾರ್ಟ್ ರಿಂಗ್ ತಂದು ಬೆರಳಿಗೆ ಹಾಕಿದ. ನಾಡಿಬಡಿತ, ನಿದ್ರೆ, ಮೈಯ ಕಾವು ಇವುಗಳ ಲೆಕ್ಕವನ್ನು ಅದು ನನ್ನ ಮೊಬೈಲಿಗೆ ಕಳಿಸುತ್ತದೆ. ಅಲ್ಲಿಂದ ಮಗನಿಗೂ ಕಾಣುತ್ತದೆ. ಡಾಕ್ಟರರ ಜಾಗಕ್ಕೆ ಇದು ಬರುವುದಿಲ್ಲ ಎಂದೂ ಅವನೇ ಹೇಳಿದ.

ಮೂರು ದಿನದ ಮಟ್ಟಿಗೆ ಕುಂಥಲಗಿರಿಗೆ ಹೋದಾಗ ಚಾರ್ಜರನ್ನು ಮನೆಯಲ್ಲೇ ಮರೆತೆ. ಧರ್ಮಶಾಲೆಯ ಪಕ್ಕದ ಕೋಣೆಯ ಹುಡುಗನ ಬಳಿ ಅದೇ ಕಂಪನಿಯ ಉಂಗುರವಿತ್ತು, ಆದರೆ ಅವನ ಚಾರ್ಜರು ನನ್ನದಕ್ಕೆ ಕೂಡಲಿಲ್ಲ. ಎರಡನೆಯ ರಾತ್ರಿ ಉಂಗುರ ನಿಂತಿತು. ಬೆಳಗಿನ ಐದೂವರೆಗೆ ಮಗನ ಫೋನು.

"ಅಪ್ಪಾಜಿ, ರಾತ್ರಿ ಒಂದರಿಂದ ಏನೂ ಬಂದಿಲ್ಲ. ಆರಾಮ ಇದ್ದೀರಿಲ್ರಿ?"

ಅವನ ದನಿ ನಡುಗುತ್ತಿತ್ತು. ಖಾಲಿಯಾದದ್ದು ಬ್ಯಾಟರಿ, ಗಾಬರಿಯಾದದ್ದು ಇಡೀ ಮನೆ.

ಊರಿಗೆ ಬಂದ ಮೇಲೆ, ಇಂಜಿನಿಯರಿಂಗ್ ಓದುವ ಮೊಮ್ಮಗನನ್ನು ಕೂಡಿಸಿಕೊಂಡು ಇದರ ಮರ್ಮ ಕೇಳಿದೆ. ಮೊಬೈಲಿನ ಬ್ಯಾಟರಿ ಸುಮಾರು 5000 ಮಿಲಿಆಂಪಿಯರ್-ಅವರ್ ಇದ್ದರೆ ಉಂಗುರದ್ದು 20ರ ಆಸುಪಾಸು. ಮೂರು ಗ್ರಾಂ ತೂಕದ ಆಭರಣದಲ್ಲಿ ಇನ್ನೆಷ್ಟು ಹಿಡಿದೀತು? ಅದನ್ನೂ ಬೆರಳಿನ ಸುತ್ತಿಗೆ ಬಾಗಿಸಿ ಕೂರಿಸಬೇಕು. ತಂತಿ ಚುಚ್ಚಲು ತೂತು ಇಟ್ಟರೆ ನೀರು ಹೊಗುತ್ತದೆ. ಆದ್ದರಿಂದ ಹೆಚ್ಚಿನವರು 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದ ತತ್ತ್ವವನ್ನೇ ಹಿಡಿದಿದ್ದಾರೆ. ಚಾರ್ಜರಿನಲ್ಲಿ ಒಂದು ತಂತಿಯ ಸುರುಳಿ, ಉಂಗುರದಲ್ಲಿ ಒಂದು. ಎರಡೂ ಹತ್ತಿರ, ಎದುರುಬದುರು ಇದ್ದರೆ ಮುಟ್ಟದೆಯೇ ವಿದ್ಯುತ್ತು ದಾಟುತ್ತದೆ. ಉಂಗುರದ ಹೊರಮೈಯ ಟೈಟೇನಿಯಂ ಲೋಹ ಇದಕ್ಕೆ ಅಡ್ಡಿ. ಅದಕ್ಕೇ ಒಳಮೈಗೆ ಲೋಹವಲ್ಲದ ರಾಳದ ಪದರ ಹಾಕಿ, ಚಾರ್ಜರಿನ ಗೂಟವನ್ನು ಉಂಗುರದೊಳಗೆ ಬಿಗಿಯಾಗಿ ಕೂಡುವಂತೆ ಮಾಡುತ್ತಾರೆ. ಫಿನ್ಲೆಂಡಿನ ಔರಾ ಕಂಪನಿಯ ಚಾರ್ಜರುಗಳೂ ಹೀಗೆ ಅಳತೆಗೊಂದು.

ಇಲ್ಲಿ ನನ್ನ ಸರಾಫಿ ಬುದ್ಧಿ ಸುಮ್ಮನಿರಲಿಲ್ಲ. "ನಮ್ಮ ಅಳತಿ ಕೋಲಿನಂಗ ಕೆಳಗ ದಪ್ಪ, ಮ್ಯಾಲ ಸಣ್ಣ ಮಾಡಿದರ ಎಲ್ಲಾ ಉಂಗರಾ ಕೂಡ್ತಾವಲ್ಲೋ?" ಎಂದೆ. "ಕೂಡ್ತಾವ ಅಜ್ಜಾ. ಆದರ ಒಂದೊಂದು ಒಂದೊಂದು ಎತ್ತರಕ್ಕ ನಿಂದರ್ತಾವ. ಸುರುಳಿಗಿ ಸುರುಳಿ ಎದುರು ಬರಬೇಕಲ್ಲ?" ಎಂದ. ನಲವತ್ತು ವರ್ಷದ ಅನುಭವ ಅಲ್ಲಿಗೆ ಬಾಯಿ ಮುಚ್ಚಿತು.

2024ರ ಜುಲೈಯಲ್ಲಿ ಸ್ಯಾಮ್‌ಸಂಗ್ ಕಂಪನಿ ತನ್ನ ಉಂಗುರದ ಜೊತೆ ಕೊಟ್ಟ ಡಬ್ಬಿ ನನಗೆ ಮೆಚ್ಚುಗೆಯಾಯಿತು. ನಾವು ಗಿರಾಕಿಗೆ ಕೊಡುವ ಮಖಮಲ್ಲಿನ ಡಬ್ಬಿಯ ಹಾಗೆಯೇ ಮುಚ್ಚಳದ್ದು. ಆದರೆ ಅದರೊಳಗೇ 361 ಮಿಲಿಆಂಪಿಯರ್-ಅವರಿನ ಬ್ಯಾಟರಿ. ಊರು ಬಿಟ್ಟರೂ ಗೋಡೆಯ ಪ್ಲಗ್ಗು ಹುಡುಕಬೇಕಿಲ್ಲ. ಔರಾದವರೂ 2025ರಲ್ಲಿ ಇಂಥ ಡಬ್ಬಿ ತಂದರು. ಉಂಗುರದ ಬ್ಯಾಟರಿ ದೊಡ್ಡದು ಮಾಡಲು ಬಾರದಿದ್ದರೆ ಡಬ್ಬಿಯದನ್ನು ದೊಡ್ಡದು ಮಾಡುವುದು. ಕಿಸೆ ಸಣ್ಣದಾದರೆ ತಿಜೋರಿ ಹತ್ತಿರ ಇರಲಿ ಎಂಬಂತೆ.

ಇನ್ನು ದಿನದ ಲೆಕ್ಕ. ಪೂರ್ತಿ ತುಂಬಲು 90 ನಿಮಿಷ, ತುಂಬಿದರೆ ಆರು ದಿನ ಎಂದಿಟ್ಟುಕೊಳ್ಳಿ. ದಿನಕ್ಕೆ ಬಿದ್ದದ್ದು 15 ನಿಮಿಷ. ಲಿಥಿಯಂ ಬ್ಯಾಟರಿ ಪೂರ್ತಿ ಖಾಲಿಯಾಗುವ ತನಕ ಕಾಯಬೇಕಾಗಿಲ್ಲ. ಸ್ವಲ್ಪ ಸ್ವಲ್ಪ ತುಂಬಿದರೆ ಅದಕ್ಕೆ ಒಳ್ಳೆಯದೇ. ನಾನು ಬೆಳಿಗ್ಗೆ ಸ್ನಾನಕ್ಕೆ ಹೋಗುವಾಗ ತೆಗೆದಿಟ್ಟು ಪೂಜೆ ಮುಗಿಸಿ ಹಾಕಿಕೊಳ್ಳುತ್ತೇನೆ. ಚಾರ್ಜರು ಕನ್ನಡಕದ ಪಕ್ಕದಲ್ಲೇ ಇರುವುದರಿಂದ ಮರೆಯುವುದಿಲ್ಲ. ಆದರೆ ಈ ಉಂಗುರ ಮಾಡಿದವರ ಮೇಲೆ ನನ್ನದೊಂದು ತಕರಾರಿದೆ: ಬ್ಯಾಟರಿ ಕಡಿಮೆಯಾಯಿತೆಂಬ ಸೂಚನೆ ಮಲಗುವ ಹೊತ್ತಿಗೆ ಬರುತ್ತದೆ. ನಿದ್ರೆಯ ಲೆಕ್ಕ ಇಡಬೇಕಾದಾಗಲೇ ಉಂಗುರವನ್ನು ಬೆರಳಿನಿಂದ ತೆಗೆ ಎಂದರೆ ಹೇಗೆ?

ಕೊಳ್ಳುವವರು ಮೊದಲು ಕಂಪನಿ ಕೊಡುವ ಅಳತೆಯ ಉಂಗುರಗಳನ್ನು ಒಂದು ಹಗಲು, ಒಂದು ರಾತ್ರಿ ಹಾಕಿ ನೋಡಬೇಕು. ಬೆರಳು ಬೆಳಿಗ್ಗೆ ಇದ್ದಂತೆ ಸಂಜೆ ಇರುವುದಿಲ್ಲ, ಇದನ್ನು ಆಮೇಲೆ ಕತ್ತರಿಸಿ ಬೆಸೆಯಲೂ ಬಾರದು. ಒಳಗಿನ ಬ್ಯಾಟರಿ ಕೆಲವು ವರ್ಷಗಳಲ್ಲಿ ಸೋತರೆ ಬದಲಿಸುವ ದಾರಿಯಿಲ್ಲ. ನನ್ನ ತಂದೆಯವರ ಉಂಗುರ ಇನ್ನೂ ನನ್ನ ಎಡಗೈಯಲ್ಲಿದೆ. ಇದನ್ನು ಮೊಮ್ಮಗನಿಗೆ ಕೊಡಲಾರೆ.

ನನ್ನ ಅಳತೆಯದೇ ಇನ್ನೊಂದು ಚಾರ್ಜರು ಕೊಂಡು ಪ್ರವಾಸದ ಚೀಲದಲ್ಲಿ ಹಾಕಿಟ್ಟಿದ್ದೇನೆ. ಮಗನ ಫೋನು ಈಗ ಒಂಬತ್ತು ಗಂಟೆಗೆ ಬರುತ್ತದೆ, ಬಂಗಾರದ ದರ ಕೇಳಲಿಕ್ಕೆ.