ಮನೆಗಳಲ್ಲಿ ನೀರಿನ ಒತ್ತಡದ ಕೊರತೆ

ಮನೆಗಳಲ್ಲಿ ನೀರಿನ ಒತ್ತಡದ ಕೊರತೆ ಎಂದರೆ ನಲ್ಲಿ, ಷವರ್ ಮತ್ತು ಗೀಸರ್‌ಗಳಿಗೆ ಸಾಕಷ್ಟು ಬಲದಿಂದ ನೀರು ಬಾರದಿರುವ ಸ್ಥಿತಿ. ಇದರ ಕಾರಣಗಳು ಬೀದಿಯ ಕೊಳವೆಮಾರ್ಗದಲ್ಲಿ ಇರಬಹುದು ಅಥವಾ ಮನೆಯೊಳಗೇ ಇರಬಹುದು. ಬಳ್ಳಾರಿ ನಗರ, ಸಿರುಗುಪ್ಪ ಹಾಗೂ ಕುರುಗೋಡಿನಂತಹ, ಸರದಿಯ ಮೇಲೆ ನೀರು ಬಿಡುವ ಪದ್ಧತಿ ರೂಢಿಯಲ್ಲಿರುವ ಊರುಗಳಲ್ಲಿ ಈ ಎರಡೂ ಬಗೆಯ ಕಾರಣಗಳು ಒಟ್ಟಿಗೆ ಕಂಡುಬರುತ್ತವೆ.

ಒತ್ತಡ ಉಂಟಾಗುವ ಬಗೆ

ಕೊಳವೆಯಲ್ಲಿನ ಒತ್ತಡವು ನೀರಿನ ಮಟ್ಟದ ಎತ್ತರವನ್ನು ಅವಲಂಬಿಸುತ್ತದೆ. 10 ಮೀಟರ್ ಎತ್ತರದ ನೀರು ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ ಒತ್ತಡವನ್ನು ಉಂಟುಮಾಡುತ್ತದೆ. ತೊಟ್ಟಿಯ ಗಾತ್ರಕ್ಕೂ ಒತ್ತಡಕ್ಕೂ ಸಂಬಂಧವಿಲ್ಲ. 500 ಲೀಟರಿನ ತೊಟ್ಟಿಯೂ 2000 ಲೀಟರಿನ ತೊಟ್ಟಿಯೂ ಒಂದೇ ಎತ್ತರದಲ್ಲಿದ್ದು ನೀರಿನ ಮಟ್ಟವೂ ಒಂದೇ ಆಗಿದ್ದರೆ ಒತ್ತಡ ಸಮನಾಗಿರುತ್ತದೆ. ನೀರು ಹರಿಯತೊಡಗಿದಾಗ ಕೊಳವೆಯ ಘರ್ಷಣೆ, ತಿರುವುಗಳು ಹಾಗೂ ವಾಲ್ವ್‌ಗಳು ಈ ಒತ್ತಡದ ಒಂದು ಭಾಗವನ್ನು ಕಳೆಯುತ್ತವೆ.

ಕೇಂದ್ರ ಸಾರ್ವಜನಿಕ ಆರೋಗ್ಯ ಮತ್ತು ಪರಿಸರ ಎಂಜಿನಿಯರಿಂಗ್ ಸಂಸ್ಥೆಯ 1999ರ ಕೈಪಿಡಿಯ ಪ್ರಕಾರ, ಬೀದಿಯ ಕೊಳವೆಯಲ್ಲಿ ಒಂದಂತಸ್ತಿನ ಮನೆಗೆ 7 ಮೀಟರ್, ಎರಡಂತಸ್ತಿಗೆ 12 ಮೀಟರ್ ಮತ್ತು ಮೂರಂತಸ್ತಿಗೆ 17 ಮೀಟರ್ ಎತ್ತರಕ್ಕೆ ಸಮನಾದ ಒತ್ತಡ ಉಳಿದಿರಬೇಕು.

ಬಳ್ಳಾರಿ ಪ್ರದೇಶದ ನೀರಿನ ಮೂಲ

ಈ ಪ್ರದೇಶದ ಮುಖ್ಯ ಜಲಮೂಲ ತುಂಗಭದ್ರಾ ನದಿ. ಹೊಸಪೇಟೆಯ ಬಳಿ 1953ರಲ್ಲಿ ಪೂರ್ಣಗೊಂಡ ಅಣೆಕಟ್ಟಿನಿಂದ ಹೊರಡುವ ಮೇಲ್ಮಟ್ಟದ ಮತ್ತು ಕೆಳಮಟ್ಟದ ಕಾಲುವೆಗಳು ಬಳ್ಳಾರಿ ಸೀಮೆಗೆ ನೀರನ್ನು ತರುತ್ತವೆ. ಬೇಸಿಗೆಯಲ್ಲಿ ಕಾಲುವೆಗಳಿಗೆ ನೀರು ನಿಲ್ಲುವುದರಿಂದ, ಅಲ್ಲೀಪುರ ಮತ್ತು ಮೋಕಾ ಕೆರೆಗಳಲ್ಲಿ ನಗರಕ್ಕಾಗಿ ನೀರನ್ನು ಸಂಗ್ರಹಿಸಿಡಲಾಗುತ್ತದೆ. ಸಿರುಗುಪ್ಪ ಪಟ್ಟಣವು ನದಿಯ ಸಮೀಪದಲ್ಲಿದ್ದು, ಕುರುಗೋಡು ಭಾಗವು ಕೆಳಮಟ್ಟದ ಕಾಲುವೆಯ ಅಚ್ಚುಕಟ್ಟಿಗೆ ಸೇರಿದೆ. ಜಲಾಶಯದ ಮೂಲ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿ ಇದ್ದು, ಹೂಳು ತುಂಬಿದ್ದರಿಂದ ಅದು ಸುಮಾರು 105 ಟಿಎಂಸಿ ಅಡಿಗೆ ಇಳಿದಿದೆ.

ನದಿ ಹತ್ತಿರವಿದ್ದ ಮಾತ್ರಕ್ಕೆ ನಲ್ಲಿಯಲ್ಲಿ ಒತ್ತಡವಿರುತ್ತದೆ ಎಂದಲ್ಲ. ಒತ್ತಡವನ್ನು ನಿರ್ಧರಿಸುವುದು ಬಡಾವಣೆಯ ಮೇಲ್ತೊಟ್ಟಿಗೂ ಮನೆಗೂ ಇರುವ ಎತ್ತರದ ಅಂತರ ಮತ್ತು ನಡುವಿನ ಕೊಳವೆಮಾರ್ಗದ ಸ್ಥಿತಿ. ಬಳ್ಳಾರಿ ಮತ್ತು ಕುರುಗೋಡುಗಳೆರಡೂ ಕಲ್ಲುಗುಡ್ಡಗಳ ಬುಡದಲ್ಲಿ ಬೆಳೆದ ಊರುಗಳು. ಇಂತಹ ಊರುಗಳಲ್ಲಿ ಏರಿನ ಮೇಲಿರುವ ಮನೆಗಳಿಗೂ ಕೊಳವೆಮಾರ್ಗದ ಕೊನೆಯಲ್ಲಿರುವ ಮನೆಗಳಿಗೂ ನೀರು ತಡವಾಗಿ ಮತ್ತು ಮಂದವಾಗಿ ತಲಪುತ್ತದೆ.

ಕಾರಣಗಳು

ಬೀದಿಯ ಕಡೆಯ ಕಾರಣಗಳು: ನೀರು ಬಿಡುವ ಅವಧಿಯಲ್ಲಿ ಎಲ್ಲ ಮನೆಗಳೂ ಏಕಕಾಲಕ್ಕೆ ನೀರು ತುಂಬಿಕೊಳ್ಳುವುದು, ಕೊಳವೆಯ ಸೋರಿಕೆ, ಅರ್ಧ ತೆರೆದ ವಾಲ್ವ್, ಜನಸಂಖ್ಯೆ ಹೆಚ್ಚಿದರೂ ಬದಲಾಗದ ಸಣ್ಣ ಕೊಳವೆ ಮತ್ತು ಮೋಟಾರಿನಿಂದ ನೀರನ್ನು ನೇರವಾಗಿ ಎಳೆಯುವುದು.

ಮನೆಯೊಳಗಿನ ಕಾರಣಗಳು: ಹಳೆಯ ಜಿಐ ಕೊಳವೆಯ ಒಳಗೆ ಕಟ್ಟಿದ ತುಕ್ಕು, ನಲ್ಲಿಯ ಬಾಯಿಯ ಜಾಲರಿಯಲ್ಲಿ ಸೇರಿದ ಮರಳು, ಗಡಸು ನೀರಿನಿಂದ ಷವರ್ ಮತ್ತು ಗೀಸರ್‌ಗಳಲ್ಲಿ ಕಟ್ಟುವ ಸುಣ್ಣದ ಪದರ, ಕೊಳವೆಯಲ್ಲಿ ಸಿಲುಕಿದ ಗಾಳಿ ಮತ್ತು ತೊಟ್ಟಿಯ ಎತ್ತರ ಸಾಲದಿರುವುದು. ಅರ್ಧ ಇಂಚಿನ ಕೊಳವೆಯ ಅಡ್ಡಕೊಯ್ತ ಒಂದು ಇಂಚಿನ ಕೊಳವೆಯ ನಾಲ್ಕನೆಯ ಒಂದು ಭಾಗ ಮಾತ್ರ. ಘರ್ಷಣೆಯೂ ಸೇರುವುದರಿಂದ ಹರಿವು ಅದಕ್ಕಿಂತಲೂ ಕಡಿಮೆಯಾಗುತ್ತದೆ.

ಕಾರಣವನ್ನು ಪತ್ತೆಹಚ್ಚುವ ಕ್ರಮ

* ಒಂದೇ ನಲ್ಲಿಯಲ್ಲಿ ನೀರು ಮಂದವಾಗಿದ್ದರೆ ದೋಷ ಆ ನಲ್ಲಿಯಲ್ಲಿ ಅಥವಾ ಅದರ ಕೊಳವೆಯಲ್ಲಿದೆ.
* ಬಿಸಿನೀರು ಮಾತ್ರ ಮಂದವಾಗಿದ್ದರೆ ಗೀಸರ್ ಮತ್ತು ಅದರ ವಾಲ್ವ್‌ಗಳನ್ನು ಪರಿಶೀಲಿಸಬೇಕು.
* ಮೇಲಂತಸ್ತಿನಲ್ಲಿ ಮಾತ್ರ ಕೊರತೆಯಿದ್ದರೆ ತೊಟ್ಟಿಯ ಎತ್ತರ ಸಾಲದು.
* ಎಲ್ಲ ನಲ್ಲಿಗಳನ್ನು ಮುಚ್ಚಿದ ಮೇಲೂ, ತೊಟ್ಟಿಗಳು ತುಂಬಿರುವಾಗ ಮೀಟರ್ ತಿರುಗುತ್ತಿದ್ದರೆ ಮೀಟರಿನಿಂದ ಮುಂದೆ ಸೋರಿಕೆಯಿದೆ.
* ನೀರು ಬಿಟ್ಟ ಹೊತ್ತಿನಲ್ಲಿ ನೆರೆಮನೆಗಳಲ್ಲೂ ಇದೇ ಸ್ಥಿತಿಯಿದ್ದರೆ ಕಾರಣ ಬೀದಿಯ ಕೊಳವೆಮಾರ್ಗದಲ್ಲಿದೆ.

ಪರಿಹಾರಗಳು

ನಲ್ಲಿಯ ಜಾಲರಿಯನ್ನು ಬಿಚ್ಚಿ ತೊಳೆಯುವುದು ಮತ್ತು ಷವರಿನ ತಲೆಯನ್ನು ವಿನಿಗರ್‌ನಲ್ಲಿ ನೆನೆಸಿ ಸುಣ್ಣ ತೆಗೆಯುವುದು ಅತ್ಯಂತ ಸುಲಭದ ಉಪಾಯಗಳು. ತುಕ್ಕು ಕಟ್ಟಿದ ಕೊಳವೆಯನ್ನು ಬದಲಾಯಿಸುವುದೇ ಸೂಕ್ತ. ತಾರಸಿಯ ಮೇಲೆ ನೇರವಾಗಿ ಇಟ್ಟ ತೊಟ್ಟಿಯ ನೀರಿನ ಮಟ್ಟ ಮೇಲಂತಸ್ತಿನ ಷವರಿಗಿಂತ 1 ಮೀಟರ್ ಮಾತ್ರ ಎತ್ತರದಲ್ಲಿದ್ದರೆ, ಅದನ್ನು 2 ಮೀಟರ್ ಎತ್ತರದ ಭದ್ರ ಕಟ್ಟೆಯ ಮೇಲಿಟ್ಟಾಗ ಅಲ್ಲಿನ ಒತ್ತಡ ಮೂರು ಪಟ್ಟಾಗುತ್ತದೆ. 1000 ಲೀಟರ್ ನೀರಿನ ತೂಕವೇ 1000 ಕಿಲೋಗ್ರಾಂ ಆಗುವುದರಿಂದ ಕಟ್ಟೆಗೂ ತಾರಸಿಗೂ ಆ ಭಾರವನ್ನು ಹೊರುವ ಶಕ್ತಿಯಿರಬೇಕು.

ಬೀದಿಯ ಒತ್ತಡ ಕಡಿಮೆಯಿರುವಲ್ಲಿ, ನೆಲದ ಮಟ್ಟಕ್ಕಿಂತ ಕೆಳಗಿನ ಸಂಪಿಗೆ ನೀರನ್ನು ತಾನಾಗಿ ಹರಿಯಬಿಟ್ಟು, ಅಲ್ಲಿಂದ ಪಂಪಿನ ಮೂಲಕ ಮೇಲ್ತೊಟ್ಟಿಗೆ ಏರಿಸುವುದು ಸುರಕ್ಷಿತ ಕ್ರಮ. ಒತ್ತಡ ಹೆಚ್ಚಿಸುವ ಪಂಪನ್ನು ಸಂಪು ಅಥವಾ ಮೇಲ್ತೊಟ್ಟಿಯ ನಂತರವೇ ಅಳವಡಿಸಬೇಕು.

ನೇರ ಮೋಟಾರಿನ ಅಪಾಯ

ಬೀದಿಯ ಕೊಳವೆಗೆ ನೇರವಾಗಿ ಮೋಟಾರ್ ಜೋಡಿಸುವುದು ಪರಿಹಾರದಂತೆ ಕಂಡರೂ ಸಮಸ್ಯೆಯನ್ನು ಹೆಚ್ಚಿಸುತ್ತದೆ. ಮೋಟಾರ್ ನೀರನ್ನು ಹೀರಿದಾಗ ಕೊಳವೆಯೊಳಗಿನ ಒತ್ತಡ ಹೊರಗಿನದಕ್ಕಿಂತ ಕಡಿಮೆಯಾಗಬಹುದು. ಆಗ ಬಿರುಕು ಮತ್ತು ಸಡಿಲ ಜೋಡಣೆಗಳ ಮೂಲಕ ಚರಂಡಿಯ ನೀರು ಕುಡಿಯುವ ನೀರಿಗೆ ಸೇರುತ್ತದೆ. ಇದರಿಂದ ವಾಂತಿಭೇದಿ, ಕಾಲರಾ, ವಿಷಮಶೀತ ಜ್ವರ ಮತ್ತು ಕಾಮಾಲೆ ಹರಡಬಹುದು. ಮುಂದಿನ ಮನೆಗಳಿಗೆ ನೀರು ತಪ್ಪುವುದರಿಂದ ಅವರೂ ಮೋಟಾರ್ ಜೋಡಿಸುತ್ತಾರೆ. ಮೋಟಾರ್ ಕೊಳ್ಳಲಾಗದವರ ನಲ್ಲಿ ಬರಿದಾಗುತ್ತದೆ.

ದಿನದ 24 ಗಂಟೆಯೂ ಕೊಳವೆಯಲ್ಲಿ ಒತ್ತಡವಿದ್ದರೆ ಈ ಅಪಾಯ ಬಹುಮಟ್ಟಿಗೆ ತಪ್ಪುತ್ತದೆ. ಕರ್ನಾಟಕದಲ್ಲಿ ಇಂತಹ ನಿರಂತರ ಪೂರೈಕೆಯನ್ನು ಮೊದಲು ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಮತ್ತು ಕಲಬುರಗಿಯ ಆಯ್ದ ವಾರ್ಡುಗಳಲ್ಲಿ ಪ್ರಾಯೋಗಿಕವಾಗಿ ಜಾರಿಗೆ ತರಲಾಯಿತು. ಸೋರುವ ಹಳೆಯ ಜಾಲದ ಬದಲು ಹೊಸ ಕೊಳವೆಗಳು ಹಾಗೂ ಪ್ರತಿ ಮನೆಗೂ ಮೀಟರ್ ಆ ವ್ಯವಸ್ಥೆಯ ಆಧಾರವಾಗಿದ್ದವು.