ಬೆನ್ನಿನ ಚಿತ್ರ, ಬೆನ್ನಿನ ನೋವು

ಬೆಳಕಿನ ಫಲಕಕ್ಕೆ ಸಿಕ್ಕಿಸಿದ ಎಂಆರ್‌ಐ ಚಿತ್ರದಲ್ಲಿ, ಸೊಂಟದ ಕಶೇರುಕಗಳ ನಡುವಣ ಬಿಲ್ಲೆಯೊಂದು ನೀರಿನಂಶವನ್ನು ಕಳೆದುಕೊಂಡು, ಕಪ್ಪಿಟ್ಟು, ಹಿಂದಕ್ಕೆ ತುಸು ಉಬ್ಬಿರುವುದನ್ನು ಕಂಡೊಡನೆ, ವರ್ಷಗಳಿಂದ ಬಾಧಿಸಿದ ನೋವಿನ ಮೂಲವು ಸಿಕ್ಕಿತೆಂದು ರೋಗಿಯು ಭಾವಿಸುವುದು ಸಹಜವೇ. ಆದರೆ 1994ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಬೆನ್ನುನೋವೇ ಇಲ್ಲದ 98 ಮಂದಿಯನ್ನು ಇದೇ ಬಗೆಯ ಯಂತ್ರದೊಳಗೆ ಮಲಗಿಸಿ ನೋಡಲಾಗಿ, ನೂರಕ್ಕೆ 52 ಮಂದಿಯಲ್ಲಿ ಬಿಲ್ಲೆಗಳು ಉಬ್ಬಿಯೇ ಇದ್ದುವು. ತಲೆ ನರೆತಂತೆ ಇದೂ ಬಹುಮಟ್ಟಿಗೆ ವಯೋಧರ್ಮ. ಕಾಲಿನ ಬಲ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ, ಚಿತ್ರಣಕ್ಕೆ ತಡಮಾಡಲಾಗದು. ಉಳಿದಂತೆ, ನೋವು ತೊಡೆಯಿಂದ ಕಾಲ್ಬೆರಳಿಗೆ ಇಳಿಯುವ ಹಾದಿಯನ್ನು ರೋಗಿಯೇ ಬೆರಳಿಟ್ಟು ತೋರುವುದು, ನನ್ನ ಮಟ್ಟಿಗೆ, ಮೊದಲ ಸಾಕ್ಷಿ. ಆ ಹಾದಿಯೂ ಚಿತ್ರವೂ ಒಂದೇ ನರವನ್ನು ಸೂಚಿಸಿದಲ್ಲಿ, ಎಕ್ಸ್‌ರೇ ಪರದೆಯನ್ನು ನೋಡುತ್ತ ಔಷಧದ ಸೂಜಿಯನ್ನು ಆ ನರದ ಬುಡಕ್ಕೇ ನಡೆಸಬಹುದು.